ಎರಡು ಪ್ರೊಸೆಸರ್, ಒಂದೇ ಬೇಸ್ ಕ್ಲಾಕ್

ಇವಿಜಿಎ ಕಂಪನಿ 2010ರಲ್ಲಿ ಎಸ್‌ಆರ್-2 ಅನ್ನುವ ಮದರ್‌ಬೋರ್ಡ್ ತಂದಿತ್ತು. ಬೆಲೆ ಸುಮಾರು 600 ಡಾಲರ್. ಮಾಮೂಲಿ ಕ್ಯಾಬಿನೆಟ್‌ನಲ್ಲಿ ಅದು ಕೂರುತ್ತಿರಲಿಲ್ಲ. ಎಚ್‌ಪಿಟಿಎಕ್ಸ್ ಅಂತ ಹೊಸ ಅಳತೆಯನ್ನೇ ಅದಕ್ಕಾಗಿ ಮಾಡಿಕೊಂಡಿದ್ದರು: ಒಂದು ಕಡೆ 15 ಇಂಚು, ಇನ್ನೊಂದು ಕಡೆ ಹದಿಮೂರೂವರೆ ಇಂಚಿಗೂ ಸ್ವಲ್ಪ ಜಾಸ್ತಿ. ಎರಡು ಪ್ರೊಸೆಸರ್ ಸಾಕೆಟ್, 12 ರ‍್ಯಾಮ್ ಸ್ಲಾಟ್, ಗ್ರಾಫಿಕ್ಸ್ ಕಾರ್ಡ್ ಕೂರುವಂಥ 7 ಉದ್ದನೆಯ ಸ್ಲಾಟ್. ಸರ್ವರ್ ಬೋರ್ಡ್‌ಗಳಲ್ಲಿ ಎರಡು ಸಾಕೆಟ್ ಇರುವುದು ದೊಡ್ಡ ವಿಷಯವೇನಲ್ಲ. ಆದರೆ ಸರ್ವರ್ ಬೋರ್ಡಿನ ಬಯಾಸ್ (ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ) ತೆರೆದರೆ ವೋಲ್ಟೇಜ್ ಬದಲಿಸುವ ಜಾಗವೇ ಇರುವುದಿಲ್ಲ, ಪ್ರೊಸೆಸರ್ ವೇಗದ ಬುನಾದಿಯಾದ ಬೇಸ್ ಕ್ಲಾಕ್ ಅನ್ನುವ ಹೆಸರೂ ಕಾಣುವುದಿಲ್ಲ. ಎಸ್‌ಆರ್-2 ಅದೆಲ್ಲವನ್ನೂ ಬಳಸುವವರ ಕೈಗೆ ಕೊಟ್ಟಿತು.

ಎರಡು ವರ್ಷ ಬಿಟ್ಟು, 2012ರಲ್ಲಿ, ಅದೇ ಕಂಪನಿ ಎಸ್‌ಆರ್-ಎಕ್ಸ್ ತಂದಿತು. ಅದೇ ದೊಡ್ಡ ಅಳತೆ, ಮತ್ತೆ ಎರಡು ಸಾಕೆಟ್, ಪ್ರತಿ ಸಾಕೆಟ್‌ನಲ್ಲಿ 8 ಕೋರ್‌ನ ಹೊಸ ಕ್ಸಿಯಾನ್, ಅಂದರೆ ಇಂಟೆಲ್‌ನ ಸರ್ವರ್ ಸಾಲಿನ ಪ್ರೊಸೆಸರ್. ಕಾಗದದ ಮೇಲೆ ಎಲ್ಲ ರೀತಿಯಲ್ಲೂ ಮೇಲು. ಆದರೆ ಓವರ್‌ಕ್ಲಾಕಿಂಗ್, ಅಂದರೆ ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಪ್ರೊಸೆಸರ್ ಓಡಿಸುವುದು, ಅದರಲ್ಲಿ ಹೆಚ್ಚುಕಡಿಮೆ ಸತ್ತುಹೋಗಿತ್ತು. ಬೋರ್ಡ್ ಮಾಡಿದವರು ಕೆಲಸ ಮರೆತಿರಲಿಲ್ಲ, ಕೂಲರ್‌ಗಳೂ ಕೆಟ್ಟಿರಲಿಲ್ಲ. ಹಾಗಾದರೆ ಆ ಎರಡು ವರ್ಷದಲ್ಲಿ ಬದಲಾಗಿದ್ದೇನು? ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಹಿಡಿದುಕೊಂಡಿದೆ. ವರ್ಕ್‌ಸ್ಟೇಷನ್ (ಭಾರದ ವೃತ್ತಿ ಕೆಲಸದ ಕಂಪ್ಯೂಟರ್) ಪ್ರೊಸೆಸರ್‌ಗಳನ್ನು ಎಲ್ಲಿಯವರೆಗೆ ಎಳೆಯಬಹುದು ಅಂತ ಕೇಳಿದರೆ ಎಲ್ಲರೂ ಮೊದಲು ಬಿಸಿಯ ಬಗ್ಗೆಯೇ ಮಾತಾಡುತ್ತಾರೆ. ಬಿಸಿ ನಿಜವೇ. ಆದರೆ ಮೊದಲ ಮಿತಿ ಬಿಸಿಯಲ್ಲ, ಕ್ಲಾಕ್ ಯಾರ ಕೈಯಲ್ಲಿದೆ ಅನ್ನುವುದು.

ಪ್ರೊಸೆಸರ್‌ನ ವೇಗ ಅಂದರೆ ಎರಡು ಸಂಖ್ಯೆಗಳ ಗುಣಲಬ್ಧ: ಬೇಸ್ ಕ್ಲಾಕ್ ಮತ್ತು ಮಲ್ಟಿಪ್ಲೈಯರ್. ಎಸ್‌ಆರ್-2 ಕಾಲದ ಕ್ಸಿಯಾನ್ ಎಕ್ಸ್5680 ತೆಗೆದುಕೊಳ್ಳಿ. 133 ಮೆಗಾಹರ್ಟ್ಸ್ ಬೇಸ್ ಕ್ಲಾಕ್, 25ರ ಮಲ್ಟಿಪ್ಲೈಯರ್, ಹಾಗಾಗಿ 3.33 ಗಿಗಾಹರ್ಟ್ಸ್. ಮಲ್ಟಿಪ್ಲೈಯರ್ ಅನ್ನು ಮೇಲಕ್ಕೆ ಹೋಗದಂತೆ ಇಂಟೆಲ್ ಲಾಕ್ ಮಾಡಿತ್ತು. ಆದರೆ ಬೇಸ್ ಕ್ಲಾಕ್ ಬೋರ್ಡಿನ ಮೇಲಿನ ಒಂದು ಬೇರೆ ಚಿಪ್‌ನಿಂದ ಬರುತ್ತಿತ್ತು, ಅದು ಬೋರ್ಡ್ ಮಾಡಿದವರ ಹಿಡಿತದಲ್ಲಿತ್ತು. 133 ಅನ್ನು 160ಕ್ಕೆ ಏರಿಸಿದರೆ 25 ಪಟ್ಟು ಅಂದರೆ ಸರಿಯಾಗಿ 4 ಗಿಗಾಹರ್ಟ್ಸ್. ಅದಕ್ಕಿಂತ ಅಗ್ಗದ ಎಕ್ಸ್5650ರಲ್ಲಿ ಮಲ್ಟಿಪ್ಲೈಯರ್ ಬರೀ 20. ಅದರಲ್ಲಿ 4 ಗಿಗಾಹರ್ಟ್ಸ್ ಬೇಕಾದರೆ ಬೇಸ್ ಕ್ಲಾಕ್ 200ಕ್ಕೆ ಹೋಗಬೇಕು. ದುಬಾರಿ ಚಿಪ್ ಕೊಂಡವರಿಗೆ ಸುಲಭವಾಗಿ ಸಿಗುತ್ತಿದ್ದದ್ದು ಅಗ್ಗದ ಚಿಪ್ ಕೊಂಡವರಿಗೆ ಕಷ್ಟಪಟ್ಟು ಸಿಗುತ್ತಿತ್ತು. ಸಿಗುತ್ತಿತ್ತು ಅನ್ನುವುದೇ ಮುಖ್ಯ.

ಕಷ್ಟ ಯಾಕೆ ಅಂದರೆ ಬೇಸ್ ಕ್ಲಾಕ್ ಏರಿಸಿದಾಗ ಕೋರ್‌ಗಳಷ್ಟೇ ಏರುವುದಿಲ್ಲ. ರ‍್ಯಾಮ್, ಅನ್‌ಕೋರ್ (ಚಿಪ್‌ನಲ್ಲಿ ಕೋರ್‌ಗಳನ್ನು ಬಿಟ್ಟು ಉಳಿದ ಭಾಗ), ಮತ್ತೆ ಎರಡು ಪ್ರೊಸೆಸರ್‌ಗಳನ್ನು ಜೋಡಿಸುವ ಕ್ಯೂಪಿಐ ಲಿಂಕ್, ಎಲ್ಲವೂ ಅದೇ ಬೇಸ್ ಕ್ಲಾಕ್‌ಗೆ ತಮ್ಮತಮ್ಮ ಅನುಪಾತ ಹಾಕಿಕೊಂಡು ಓಡುತ್ತವೆ. ರ‍್ಯಾಮ್‌ನ ಅನುಪಾತ ಇಳಿಸಬಹುದು. ಕ್ಯೂಪಿಐಗೆ ಮಾತ್ರ ಕೆಲವೇ ಅನುಪಾತಗಳು. ಅತಿ ಕಡಿಮೆಯದು 36. ಬೇಸ್ ಕ್ಲಾಕ್ 133 ಇದ್ದಾಗ ಅದು 4.8 ಗಿಗಾಟ್ರಾನ್ಸ್‌ಫರ್, ಅಂದರೆ ಸೆಕೆಂಡಿಗೆ 480 ಕೋಟಿ ಸಲ ಡೇಟಾ ಸಾಗಾಟ. ಬೇಸ್ ಕ್ಲಾಕ್ 200 ಆದರೆ ಅದೇ ಅನುಪಾತದಲ್ಲಿ 7.2. ಇಂಟೆಲ್ ಆ ಲಿಂಕ್‌ಗೆ ಹೇಳಿದ ಗರಿಷ್ಠ ವೇಗ 6.4. ಅಂದರೆ ಅತ್ಯಂತ ಕೆಳಗಿನ ಸೆಟ್ಟಿಂಗ್‌ನಲ್ಲೂ ಲಿಂಕ್ ತನ್ನ ಮಿತಿ ಮೀರಿ ಓಡುತ್ತಿರುತ್ತದೆ! ಒಂದೇ ಸಾಕೆಟ್‌ನ ಬೋರ್ಡಿನಲ್ಲಿ ಕ್ಯೂಪಿಐ ಪ್ರೊಸೆಸರ್‌ನಿಂದ ಚಿಪ್‌ಸೆಟ್‌ಗೆ ಹೋಗುವ ಚಿಕ್ಕ ದಾರಿ ಅಷ್ಟೆ. ಎರಡು ಸಾಕೆಟ್ ಇದ್ದಲ್ಲಿ ಒಂದು ಪ್ರೊಸೆಸರ್‌ನಿಂದ ಇನ್ನೊಂದಕ್ಕೂ ಒಂದು ದಾರಿ ಇರುತ್ತದೆ, ಮತ್ತೊಂದರ ರ‍್ಯಾಮ್‌ನಲ್ಲಿರುವ ಡೇಟಾ ಬೇಕಾದಾಗಲೆಲ್ಲ ಅಲ್ಲಿಂದಲೇ ಬರಬೇಕು. ಕೋರ್‌ಗೆ ಇನ್ನೂ ಉಸಿರಿದ್ದರೂ ಈ ಲಿಂಕ್ ಸೋತು ಇಡೀ ಯಂತ್ರ ನಿಂತುಹೋಗುವುದು ಅದಕ್ಕೇ.

ಇದರ ಮೇಲೆ ಇನ್ನೊಂದು ತೊಡಕಿದೆ. ಎರಡು ಚಿಪ್ ಯಾವತ್ತೂ ಒಂದೇ ಥರ ಇರುವುದಿಲ್ಲ. ಒಂದೇ ಮಾಡೆಲ್, ಒಂದೇ ಪೆಟ್ಟಿಗೆ, ಆದರೂ ಒಂದು 1.3 ವೋಲ್ಟ್‌ಗೆ ಓಡುವ ವೇಗಕ್ಕೆ ಇನ್ನೊಂದು 1.38 ಕೇಳಬಹುದು. ವೋಲ್ಟೇಜ್ ಅನ್ನು ಬೇರೆಬೇರೆ ಕೊಡಬಹುದು, ಬೇಸ್ ಕ್ಲಾಕ್ ಮಾತ್ರ ಎರಡಕ್ಕೂ ಒಂದೇ. ಜೋಡೆತ್ತಿನ ಗಾಡಿ ನಿಧಾನದ ಎತ್ತಿನ ವೇಗದಲ್ಲೇ ಹೋಗುವುದು, ಅಲ್ವಾ? ಒಂದೇ ಪ್ರೊಸೆಸರ್ ಇದ್ದರೆ ಒಳ್ಳೆಯ ಚಿಪ್ ಸಿಗುವ ಅದೃಷ್ಟ ಒಂದು ಸಲ ಇದ್ದರೆ ಸಾಕು. ಇಲ್ಲಿ ಎರಡು ಸಲ ಬೇಕು.

ಇಷ್ಟೆಲ್ಲ ಕಾಟ ಪಟ್ಟು ಇದನ್ನು ಯಾಕೆ ಮಾಡಬೇಕು ಅಂತ ಕೇಳುವವರು ಬಹಳ. ಸುಮ್ನೆ ಶೋಕಿ ಅಂತ ತಳ್ಳಿಹಾಕುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ ಮಾತಿದೆ: ಕೆಲಸವನ್ನು ಎಷ್ಟೇ ಪ್ರೊಸೆಸರ್‌ಗಳಿಗೆ ಹಂಚಿದರೂ, ಹಂಚಲಾಗದೆ ಉಳಿಯುವ ಭಾಗವೇ ಕೊನೆಗೆ ಒಟ್ಟು ವೇಗವನ್ನು ಕಟ್ಟಿಹಾಕುತ್ತದೆ. ಎರಡನೇ ಪ್ರೊಸೆಸರ್ ಹಂಚಬಹುದಾದ ಭಾಗಕ್ಕೆ ಸಹಾಯ ಮಾಡುತ್ತದೆ. ಹಂಚಲಾಗದ ಭಾಗಕ್ಕೆ ಕ್ಲಾಕ್ ಏರಿಸುವುದೊಂದೇ ದಾರಿ. ಒಂದು ಥ್ರೀಡಿ ದೃಶ್ಯ ರೆಂಡರ್ ಮಾಡುವಾಗ ಬೆಳಕಿನ ಲೆಕ್ಕ ಎಲ್ಲ ಕೋರ್‌ಗೂ ಹಂಚಿಹೋಗುತ್ತದೆ, ಆದರೆ ಅದಕ್ಕೂ ಮೊದಲು ದೃಶ್ಯವನ್ನು ಜೋಡಿಸುವ ಹೊತ್ತಿನಲ್ಲಿ ಹಲವು ಸಲ ಒಂದೇ ಕೋರ್ ದುಡಿಯುತ್ತಿರುತ್ತದೆ, ಉಳಿದವು ಸುಮ್ಮನೆ ಕಾಯುತ್ತಿರುತ್ತವೆ. ಎರಡು ಪ್ರೊಸೆಸರ್ ಬೇಕು, ಅವೆರಡೂ ಜೋರಾಗಿಯೂ ಓಡಬೇಕು ಅಂತ ಬಯಸುವುದು ಅತಿಯಾಸೆಯಲ್ಲ, ಒಂದೇ ಯಂತ್ರದಿಂದ ದಿನವಿಡೀ ಕೆಲಸ ತೆಗೆಯುವವರಿಗೆ ಅದು ಸರಿಯಾದ ಬೇಡಿಕೆಯೇ. ಪ್ರೋಟೀನ್‌ಗಳ ಲೆಕ್ಕವನ್ನು ಮನೆಯ ಕಂಪ್ಯೂಟರ್‌ಗಳಲ್ಲಿ ಮಾಡಿಸುವ ಫೋಲ್ಡಿಂಗ್@ಹೋಮ್ ಯೋಜನೆಗೆ ದುಡಿಯುತ್ತಿದ್ದವರು ಎಸ್‌ಆರ್-2 ಅನ್ನು ಅಷ್ಟು ಹಚ್ಚಿಕೊಂಡಿದ್ದಕ್ಕೂ ಕಾರಣವಿತ್ತು. ಹೊತ್ತಿಗೆ ಮುಗಿಸಿ ಕಳಿಸಬೇಕಾದ ದೊಡ್ಡ ಲೆಕ್ಕಗಳಿಗೆ ಕೋರ್‌ಗಳೂ ಬೇಕು, ವೇಗವೂ ಬೇಕು.

ಈ ಬೇಡಿಕೆ 2010ರಲ್ಲಿ ಹುಟ್ಟಿದ್ದೂ ಅಲ್ಲ. 1999ರಲ್ಲಿ ಅಬಿಟ್ ಕಂಪನಿಯ ಎರಡು ಸಾಕೆಟ್‌ನ ಬೋರ್ಡ್ ಬಿಪಿ6 ಬಂತು. ನನಗೆ ಇವತ್ತಿಗೂ ಆ ಬೋರ್ಡಿನ ಮೇಲೆ ಬೇರೆ ಯಾವುದರ ಮೇಲೂ ಇಲ್ಲದ ಗೌರವ. ಇಂಟೆಲ್‌ನ ಸೆಲೆರಾನ್ ಬಡವರ ಪ್ರೊಸೆಸರ್, ಅದನ್ನು ಜೋಡಿಯಾಗಿ ಬಳಸುವಂತಿಲ್ಲ ಅನ್ನುವುದು ಕಂಪನಿಯ ಲೆಕ್ಕ. ಆದರೆ ಆ ಸಾಮರ್ಥ್ಯ ಸಿಲಿಕಾನ್ ಒಳಗೆ ಹಾಗೇ ಇತ್ತು, ಹೊರಗಿನ ಸಂಪರ್ಕದಲ್ಲಿ ಮಾತ್ರ ತಡೆದಿದ್ದರು. ಸ್ಲಾಟ್ ಮಾದರಿಯ ಸೆಲೆರಾನ್‌ಗಳಿಗೆ ಜನ ಡ್ರಿಲ್ ಹಿಡಿದು ತೂತು ಕೊರೆದು, ವೈರ್ ಬೆಸುಗೆ ಹಾಕಿ ಆ ತಡೆ ತೆಗೆದರು. ಅಬಿಟ್ ಅದೇ ಕೆಲಸವನ್ನು ಬೋರ್ಡಿನಲ್ಲೇ ಮಾಡಿಕೊಟ್ಟಿತು, ಪ್ರೊಸೆಸರ್‌ಗೆ ಕೈ ಹಚ್ಚಬೇಕಾಗಿರಲಿಲ್ಲ. 366 ಮೆಗಾಹರ್ಟ್ಸ್‌ನ ಸೆಲೆರಾನ್‌ನ ಮಲ್ಟಿಪ್ಲೈಯರ್ 5.5. ಬಸ್ ಅನ್ನು, ಅಂದರೆ ಆ ಕಾಲದ ಬೇಸ್ ಕ್ಲಾಕ್ ಅನ್ನು, 66ರಿಂದ 100ಕ್ಕೆ ಏರಿಸಿದರೆ 550. ಬೋರ್ಡಿನ 440ಬಿಎಕ್ಸ್ ಚಿಪ್‌ಸೆಟ್‌ಗೆ 100 ಅನ್ನುವುದು ಹುಟ್ಟಿನಿಂದಲೇ ಬಂದ ವೇಗ, ಹಾಗಾಗಿ ಉಳಿದ ಯಾವುದಕ್ಕೂ ತೊಂದರೆ ಇಲ್ಲ. ವಿಂಡೋಸ್ 98 ಎರಡನೇ ಪ್ರೊಸೆಸರ್ ಅನ್ನು ನೋಡುತ್ತಲೇ ಇರಲಿಲ್ಲ, ವಿಂಡೋಸ್ ಎನ್‌ಟಿ, 2000, ಲಿನಕ್ಸ್ ಅಥವಾ ಬಿಓಎಸ್ ಬೇಕಿತ್ತು. ಎಷ್ಟೋ ಜನ ಮನೆಯಲ್ಲಿ ಲಿನಕ್ಸ್ ಹಾಕಲು ಇದೂ ಒಂದು ಕಾರಣ ಆಯಿತು ಅನ್ನಿಸುತ್ತದೆ. ಮುಂದಿನ ಪೀಳಿಗೆಯ ಸೆಲೆರಾನ್‌ಗಳಲ್ಲಿ ಇಂಟೆಲ್ ಜೋಡಿ ಓಡುವುದನ್ನೇ ಒಳಗಿನಿಂದ ಮುಚ್ಚಿಬಿಟ್ಟಿತು.

ಆಮೇಲೆ ಎಎಂಡಿಯ ಅಥ್ಲಾನ್ ಎಕ್ಸ್‌ಪಿ ಚಿಪ್‌ನ ಮೇಲಿನ ಎಲ್5 ಬ್ರಿಡ್ಜ್ ಅನ್ನುವ ಸಣ್ಣ ಸಂಪರ್ಕದ ತುದಿಗಳನ್ನು ಜೋಡಿಸಿ, ಜೋಡಿ ಬೋರ್ಡಿಗಾಗಿಯೇ ಮಾರುತ್ತಿದ್ದ ದುಬಾರಿ ಎಂಪಿ ಚಿಪ್‌ನಂತೆ ಓಡಿಸಿದ ಕಾಲವೂ ಬಂತು. ಕಂಪನಿಗಳೇ ಮುಂದೆ ಬಂದು ಕೈ ಹಾಕಿದ್ದೂ ಉಂಟು. 2006ರ ಕೊನೆಗೆ ಎಎಂಡಿಯ ಕ್ವಾಡ್ ಎಫ್‌ಎಕ್ಸ್, 2008ರಲ್ಲಿ ಇಂಟೆಲ್‌ನ ಸ್ಕಲ್‌ಟ್ರೇಲ್, ಎರಡೂ ಎರಡು ಸಾಕೆಟ್‌ನ ವ್ಯವಸ್ಥೆಗಳು. ಸ್ಕಲ್‌ಟ್ರೇಲ್‌ಗೆ ಬೇಕಾದ ಕ್ಯೂಎಕ್ಸ್9775 ಪ್ರೊಸೆಸರ್‌ನ ಮಲ್ಟಿಪ್ಲೈಯರ್ ತೆರೆದೇ ಇತ್ತು, ಒಂದೊಂದಕ್ಕೆ ಸುಮಾರು 1500 ಡಾಲರ್, ಅಂಥವು ಎರಡು. ಅದರ ಜೊತೆಗೆ ಬಿಸಿಯಾಗುವ, ನಿಧಾನದ, ಎಫ್‌ಬಿ-ಡಿಮ್ ಅನ್ನುವ ಸರ್ವರ್ ರ‍್ಯಾಮ್. ಸರ್ವರ್ ಸಾಮಾನನ್ನು ತಂದು ಬಣ್ಣ ಬಳಿದ ಹಾಗಿತ್ತು. ಎರಡೂ ಒಂದು ಪೀಳಿಗೆಗೇ ಮುಗಿದವು.

ಈಗ 2012ಕ್ಕೆ ಬರೋಣ. ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ಇಂಟೆಲ್ ಎಲ್ಲವನ್ನೂ 100 ಮೆಗಾಹರ್ಟ್ಸ್‌ನ ಒಂದೇ ಕ್ಲಾಕ್‌ಗೆ ಕಟ್ಟಿತು. ಕೋರ್, ರ‍್ಯಾಮ್, ಪಿಸಿಐ ಎಕ್ಸ್‌ಪ್ರೆಸ್, ಚಿಪ್‌ಸೆಟ್‌ಗೆ ಹೋಗುವ ಡಿಎಂಐ, ಎಲ್ಲ. ಹಳೆಯ ಪೀಳಿಗೆಯಲ್ಲಿ ಪಿಸಿಐ ಎಕ್ಸ್‌ಪ್ರೆಸ್‌ಗೆ ಬೇರೆಯೇ ಕ್ಲಾಕ್ ಇದ್ದುದರಿಂದ ಬೇಸ್ ಕ್ಲಾಕ್ ಎಷ್ಟು ಏರಿದರೂ ಗ್ರಾಫಿಕ್ಸ್ ಕಾರ್ಡಿಗೆ, ಹಾರ್ಡ್ ಡಿಸ್ಕಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಹೊಸ ವ್ಯವಸ್ಥೆಯಲ್ಲಿ 100 ಅನ್ನು 105ಕ್ಕೆ ಏರಿಸುವ ಹೊತ್ತಿಗೇ ಎಲ್ಲೋ ಒಂದು ಸಾಧನ ಕೈಬಿಡಲು ಶುರು. ಮನೆಬಳಕೆಯ ಕೆಲವು ಕೋರ್ ಐ7 ಪ್ರೊಸೆಸರ್‌ಗಳಿಗೆ 1.25 ಪಟ್ಟಿನಂಥ ಸ್ಟ್ರ್ಯಾಪ್‌ಗಳನ್ನು, ಅಂದರೆ ಕ್ಲಾಕ್‌ನ ಅನುಪಾತಗಳನ್ನು ಕೊಟ್ಟಿದ್ದರು, ಕೋರ್ ಮತ್ತು ಮೆಮೊರಿಯ ಕ್ಲಾಕ್ ಏರಿಸಿ ಪಿಸಿಐ ಎಕ್ಸ್‌ಪ್ರೆಸ್, ಡಿಎಂಐಗಳನ್ನು 100ರಲ್ಲೇ ಇಡಬಹುದಿತ್ತು. ಎರಡು ಸಾಕೆಟ್‌ನ ಇ5-2600 ಸಾಲಿಗೆ ಅದು ಇಲ್ಲ. ಮಲ್ಟಿಪ್ಲೈಯರ್ ಕೂಡ ಲಾಕ್. ಇ5-2687ಡಬ್ಲ್ಯು ಅಂತ ವರ್ಕ್‌ಸ್ಟೇಷನ್‌ಗಾಗಿಯೇ ಮಾಡಿದ, 150 ವ್ಯಾಟ್‌ನ, 3.1 ಗಿಗಾಹರ್ಟ್ಸ್‌ನ ಚಿಪ್ ಇತ್ತು. ಬೇಸ್ ಕ್ಲಾಕ್ 5 ಶೇಕಡಾ ಏರಿದರೂ ಅದು 3.25 ಮುಟ್ಟುತ್ತದೆ ಅಷ್ಟೆ. ಅದಕ್ಕಾಗಿ ಯಾರು ಇಡೀ ರಾತ್ರಿ ಟೆಸ್ಟ್ ಓಡಿಸುತ್ತಾರೆ?

ಅದೇ ಕುಟುಂಬದಲ್ಲಿ ಇ5-1650, 1660 ಅಂತ ಚಿಪ್‌ಗಳಿದ್ದವು, ಅವುಗಳ ಮಲ್ಟಿಪ್ಲೈಯರ್ ತೆರೆದಿತ್ತು. ಆದರೆ ಅವು ಒಂದೇ ಸಾಕೆಟ್‌ಗೆ, ಜೋಡಿಯಾಗಿ ಓಡುವಂತಿಲ್ಲ. ಜೋಡಿಯಾಗುವ ಚಿಪ್‌ಗೆ ಲಾಕ್, ಲಾಕ್ ಇಲ್ಲದ ಚಿಪ್‌ಗೆ ಜೋಡಿಯಿಲ್ಲ. ಇದು ಭೌತಶಾಸ್ತ್ರ ಹಾಕಿದ ಮಿತಿಯಲ್ಲ, ಮಾರಾಟದವರು ಎಳೆದ ಗೆರೆ. ಅಗ್ಗದ ಎರಡು ಚಿಪ್ ಕೊಂಡು ದುಬಾರಿ ಎರಡು ಚಿಪ್‌ನ ಕೆಲಸ ತೆಗೆಯುವ ದಾರಿ ಮುಚ್ಚಬೇಕಿತ್ತು, ಮುಚ್ಚಿದರು. ನಾನು ಇದನ್ನು ಇವತ್ತಿಗೂ ಅನ್ಯಾಯ ಅಂತಲೇ ನೋಡುತ್ತೇನೆ. ದುಡ್ಡು ಕೊಟ್ಟು ಕೊಂಡ ಸಿಲಿಕಾನ್, ಕೆಟ್ಟರೆ ನಷ್ಟವೂ ಕೊಂಡವರದೇ. ಹಾಗಿದ್ದ ಮೇಲೆ ಅದರ ಕ್ಲಾಕ್ ಕೂಡ ಅವರದೇ ಆಗಿರಬೇಕಿತ್ತು.

ಹಾಗಂತ ಲಾಕ್ ತೆಗೆದರೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಭೌತಶಾಸ್ತ್ರದ ಮಿತಿಯೂ ಅಷ್ಟೇ ಗಟ್ಟಿ. ಪ್ರೊಸೆಸರ್ ಎಳೆಯುವ ವಿದ್ಯುತ್ ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. 130 ವ್ಯಾಟ್‌ನ ಎಕ್ಸ್5680 ಚಿಪ್ 3.33ರಲ್ಲಿ 1.2 ವೋಲ್ಟ್ ತೆಗೆದುಕೊಳ್ಳುತ್ತದೆ ಅಂತ ಇಟ್ಟುಕೊಳ್ಳಿ. 4.2ಕ್ಕೆ ಏರಿಸಲು 1.35 ವೋಲ್ಟ್ ಬೇಕಾಯಿತು. ವೇಗ ಏರಿದ್ದು 26 ಶೇಕಡಾ, ವಿದ್ಯುತ್ ಏರಿದ್ದು ಹತ್ತಿರಹತ್ತಿರ 60 ಶೇಕಡಾ, ಅಂದರೆ 207 ವ್ಯಾಟ್. ಎರಡು ಚಿಪ್ ಸೇರಿ 415. ಇದು ಬರೀ ಲೆಕ್ಕದ ಮಾತು, ಬಿಸಿಯಾದಷ್ಟೂ ಚಿಪ್ ಒಳಗೆ ವಿದ್ಯುತ್ ಸೋರಿಕೆ ಜಾಸ್ತಿಯಾಗುವುದರಿಂದ ನಿಜದಲ್ಲಿ ಇನ್ನೂ ಮೇಲೆ ಹೋಗುತ್ತದೆ. ಇಂಟೆಲ್ 2004ರಲ್ಲಿ 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ಯೋಜನೆಯನ್ನೇ ಕೈಬಿಟ್ಟು ಎರಡು ಕೋರ್‌ಗಳ ದಾರಿ ಹಿಡಿದದ್ದಕ್ಕೂ ಈ ಗಣಿತವೇ ಹಿನ್ನೆಲೆ.

ಆ 400 ವ್ಯಾಟ್ ಹೋಗುವುದು ಎಲ್ಲಿಗೆ? ಕೋಣೆಗೆ. ಗಾಳಿ ಕೂಲರ್ ಇರಲಿ, ನೀರಿನ ಕೂಲರ್ ಇರಲಿ, ಕೋಣೆಯ ಉಷ್ಣತೆಗಿಂತ ಕೆಳಗೆ ಅವು ಚಿಪ್ ಅನ್ನು ಇಳಿಸಲಾರವು. ಅಮೆರಿಕ, ಯುರೋಪಿನವರು 20-22 ಡಿಗ್ರಿ ಕೋಣೆಯಲ್ಲಿ ಕೂತು ಬರೆದಿಟ್ಟ ಸೆಟ್ಟಿಂಗ್‌ಗಳನ್ನು ನಾವು ಹಾಗೇ ನಕಲು ಮಾಡಬಾರದು. ಬೆಂಗಳೂರಿನ ಡಿಸೆಂಬರ್ ರಾತ್ರಿ ಚೆನ್ನಾಗಿ ಓಡಿದ ಸೆಟ್ಟಿಂಗ್ ರಾಯಚೂರಿನ ಮೇ ಮಧ್ಯಾಹ್ನ ಓಡುವುದಿಲ್ಲ. ಹೊರಗೆ 42 ಡಿಗ್ರಿ ಇದ್ದರೆ ಆ 20 ಡಿಗ್ರಿ ವ್ಯತ್ಯಾಸ ಪೂರ್ತಿಯಾಗಿ ಚಿಪ್‌ನ ಮೇಲೆ ಬಂದು ಕೂರುತ್ತದೆ. ಒಂದು ವಿಷಯದಲ್ಲಿ ಮಾತ್ರ ನಾವು ಅನುಕೂಲದಲ್ಲಿದ್ದೇವೆ. ಅಮೆರಿಕದ ಮಾಮೂಲಿ ಮನೆ ಸರ್ಕ್ಯೂಟ್ 120 ವೋಲ್ಟ್, 15 ಆಂಪಿಯರ್, ಅಂದರೆ ಹೆಚ್ಚೆಂದರೆ 1800 ವ್ಯಾಟ್. ಎರಡು ಪ್ರೊಸೆಸರ್, ನಾಲ್ಕು ಗ್ರಾಫಿಕ್ಸ್ ಕಾರ್ಡ್ ಹಾಕಿ ಎಳೆದರೆ ಅವರಿಗೆ ಗೋಡೆಯ ಪ್ಲಗ್ಗೇ ಸಾಲುವುದಿಲ್ಲ. ನಮ್ಮಲ್ಲಿ ಗೀಸರ್‌ಗೆ ಹಾಕುವ 16 ಆಂಪಿಯರ್ ಪಾಯಿಂಟ್ 230 ವೋಲ್ಟ್‌ನಲ್ಲಿ ಅದರ ಎರಡರಷ್ಟು ಕೊಡುತ್ತದೆ. ಯುಪಿಎಸ್ ಖರ್ಚು ಮಾತ್ರ ಬೇರೆಯೇ ಕಥೆ.

ಇನ್ನೂ ಒಂದು ಮಿತಿ ಇದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ವರ್ಕ್‌ಸ್ಟೇಷನ್ ಅನ್ನು ಯಾಕೆ ಕೊಳ್ಳುತ್ತಾರೆ? ಉತ್ತರ ಸರಿಯಾಗಿ ಬರಲಿ ಅಂತ. ಅದಕ್ಕೇ ತನ್ನಲ್ಲಿನ ಡೇಟಾ ತಪ್ಪನ್ನು ತಾನೇ ಹಿಡಿದು ತಿದ್ದುವ ಇಸಿಸಿ ರ‍್ಯಾಮ್‌ಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಓವರ್‌ಕ್ಲಾಕ್ ಅತಿಯಾದಾಗ ನೀಲಿ ಪರದೆ ಬಂದು ಯಂತ್ರ ನಿಂತರೆ ಅದು ಒಳ್ಳೆಯದೇ, ಕನಿಷ್ಠ ಗೊತ್ತಾಗುತ್ತದೆ. ಅದಕ್ಕೆ ಕೂದಲೆಳೆಯಷ್ಟು ಕೆಳಗೆ ಒಂದು ಜಾಗವಿದೆ. ಅಲ್ಲಿ ಯಂತ್ರ ನಿಲ್ಲುವುದಿಲ್ಲ, ಆದರೆ ಕೋಟಿಗಟ್ಟಲೆ ಲೆಕ್ಕಗಳಲ್ಲಿ ಒಂದು ತಪ್ಪಾಗುತ್ತದೆ. ಇಸಿಸಿ ಅದನ್ನು ಹಿಡಿಯುವುದಿಲ್ಲ. ಅದು ಕಾಯುವುದು ರ‍್ಯಾಮ್‌ನಲ್ಲಿ ಕೂತ ಡೇಟಾವನ್ನು, ಕೋರ್ ಒಳಗೆ ಗುಣಾಕಾರ ತಪ್ಪಿದರೆ ಆ ತಪ್ಪು ಉತ್ತರವನ್ನೇ ಜೋಪಾನವಾಗಿ ಕಾಪಾಡುತ್ತದೆ. ರೆಂಡರ್‌ನಲ್ಲಿ ಒಂದು ಚುಕ್ಕೆ ಬಿಳಿಯಾದರೆ ಕಣ್ಣಿಗೆ ಕಾಣುತ್ತದೆ, ಆ ಫ್ರೇಮ್ ಮತ್ತೆ ಓಡಿಸಿದರಾಯಿತು. ಸೇತುವೆಯ ಕಂಬಕ್ಕೆ ಬೀಳುವ ಒತ್ತಡದ ಲೆಕ್ಕದಲ್ಲಿ ಒಂದು ಅಂಕಿ ಬದಲಾದರೆ ಯಾರಿಗೂ ಕಾಣುವುದಿಲ್ಲ. ಪ್ರೈಮ್95ನಂಥ ಟೆಸ್ಟ್‌ಗಳು ಬೆಲೆಬಾಳುವುದು ಇಲ್ಲೇ, ಅವು ಯಂತ್ರವನ್ನು ಬಿಸಿ ಮಾಡುವುದರ ಜೊತೆಗೆ ಉತ್ತರವನ್ನೂ ತಾಳೆ ನೋಡುತ್ತವೆ. ಹಾಗಾಗಿ ನನ್ನ ನಿಲುವು ಇಷ್ಟು: ಚಿತ್ರ, ವಿಡಿಯೊ, ಕೋಡ್ ಕಂಪೈಲ್ ಮಾಡುವವರು ಎಳೆಯಲಿ, ಧಾರಾಳವಾಗಿ ಎಳೆಯಲಿ. ಇನ್ನೊಬ್ಬರ ಜೀವ ನಿಂತಿರುವ ಲೆಕ್ಕ ಮಾಡುವ ಯಂತ್ರದ ಕ್ಲಾಕ್ ಮುಟ್ಟಬಾರದು.

ಇವತ್ತು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಹಳೆಯ ಸರ್ವರ್‌ಗಳಿಂದ ತೆಗೆದ ಕ್ಸಿಯಾನ್‌ಗಳನ್ನು ನೋಡಿ ಆಸೆಪಡುವವರು ನನ್ನನ್ನು ಕೇಳುವುದು ಹೆಚ್ಚಾಗಿ ಇ5 ವಿ3 ಸಾಲಿನ ಬಗ್ಗೆ. ಚೀನಾದ ಎರಡು ಸಾಕೆಟ್ ಬೋರ್ಡ್‌ಗಳು ಹೆಚ್ಚಾಗಿ ಇದೇ ಚಿಪ್‌ಗಳ ಸುತ್ತ ಬರುತ್ತವೆ. ಆ ಪೀಳಿಗೆಯಲ್ಲಿ ಒಂದು ಒಳದಾರಿ ಸಿಕ್ಕಿತ್ತು: ಬಯಾಸ್‌ನಿಂದ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ನಿಯಮಗಳನ್ನು ತಿದ್ದುವ ಕೋಡ್) ತೆಗೆದು, ಒಂದು ಚಿಕ್ಕ ಡ್ರೈವರ್ ಓಡಿಸಿದರೆ ಒಂದೆರಡು ಕೋರ್‌ಗೆ ಮೀಸಲಾದ ಟರ್ಬೊ, ಅಂದರೆ ಗರಿಷ್ಠ ವೇಗ ಎಲ್ಲ ಕೋರ್‌ಗೂ ಸಿಗುತ್ತದೆ. 18 ಕೋರ್‌ನ ಇ5-2699 ವಿ3 ಹೀಗೆ ಎಲ್ಲ ಕೋರ್‌ನಲ್ಲೂ 3.6 ಗಿಗಾಹರ್ಟ್ಸ್‌ಗೆ ಕೈ ಚಾಚುತ್ತದೆ. ಇದು ಓವರ್‌ಕ್ಲಾಕ್ ಅಲ್ಲ, ಇದ್ದ ಮಲ್ಟಿಪ್ಲೈಯರ್ ಅನ್ನೇ ಹಿಡಿದು ನಿಲ್ಲಿಸುವುದು. ಭಾರದ ಕೆಲಸ ಬಂದಾಗ 145 ವ್ಯಾಟ್‌ನ ಮಿತಿ ಬಂದು ವೇಗ ಇಳಿಸುತ್ತದೆ, ಎವಿಎಕ್ಸ್ (ಒಟ್ಟಿಗೆ ಹಲವು ಸಂಖ್ಯೆಗಳ ಮೇಲೆ ಓಡುವ ಆದೇಶಗಳ) ಲೆಕ್ಕಗಳಲ್ಲಂತೂ ಬೇಗ. ವೋಲ್ಟೇಜ್ ಇಳಿಸಿದರೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಕಲಿಯುವವರಿಗೆ ಒಳ್ಳೆಯ ಆಟದ ಮೈದಾನ, ನಾನು ಬೇಡ ಅನ್ನುವುದಿಲ್ಲ. ಬೋರ್ಡಿನ ವಿಆರ್‌ಎಂ (ಪ್ರೊಸೆಸರ್‌ಗೆ ವೋಲ್ಟೇಜ್ ಒದಗಿಸುವ ಭಾಗ) ಮೇಲೆ ಗಾಳಿ ಬೀಳುವಂತೆ ಫ್ಯಾನ್ ಇಡಿ ಅಂತ ಮಾತ್ರ ಹೇಳುತ್ತೇನೆ, ಪ್ರೊಸೆಸರ್‌ಗಿಂತ ಮೊದಲು ಕೈಕೊಡುವುದು ಅದೇ.

ಹೊಸದಾಗಿ ಕೊಳ್ಳುವವರಿಗೆ ಎರಡು ಸಾಕೆಟ್‌ನ ಅಗತ್ಯವೇ ಕರಗಿಹೋಗಿದೆ. 2019ರಲ್ಲಿ ಇಂಟೆಲ್ 28 ಕೋರ್‌ನ ಡಬ್ಲ್ಯು-3175ಎಕ್ಸ್ ಅನ್ನು 2999 ಡಾಲರ್‌ಗೆ, ಲಾಕ್ ಇಲ್ಲದೆ, ಒಂದೇ ಸಾಕೆಟ್‌ಗೆ ಕೊಟ್ಟಿತು. ಹಿಂದಿನ ವರ್ಷ ಕಂಪ್ಯೂಟೆಕ್ಸ್ ಅನ್ನುವ ಕಂಪ್ಯೂಟರ್ ಮೇಳದಲ್ಲಿ 28 ಕೋರ್‌ನ ಚಿಪ್ ಅನ್ನು 5 ಗಿಗಾಹರ್ಟ್ಸ್‌ನಲ್ಲಿ ತೋರಿಸಿದಾಗ ಮೇಜಿನ ಕೆಳಗೆ ನೀರು ತಣ್ಣಗಾಗಿಸುವ ಚಿಲ್ಲರ್ ಇತ್ತು ಅನ್ನುವುದು ಆಮೇಲೆ ಗೊತ್ತಾಯಿತು. 2020ರಲ್ಲಿ ಎಎಂಡಿ ತನ್ನ ಥ್ರೆಡ್‌ರಿಪ್ಪರ್ ಸಾಲಿನ ಒಂದೇ ಪ್ರೊಸೆಸರ್‌ನಲ್ಲಿ 64 ಕೋರ್ ಇಟ್ಟಿತು, 2023ರಲ್ಲಿ ಥ್ರೆಡ್‌ರಿಪ್ಪರ್ ಪ್ರೊ 7995ಡಬ್ಲ್ಯುಎಕ್ಸ್‌ನಲ್ಲಿ 96. ಲಾಕ್ ಇಲ್ಲ, ಆದರೆ 350 ವ್ಯಾಟ್ ಅನ್ನು 96ಕ್ಕೆ ಹಂಚಿದರೆ ಒಂದು ಕೋರ್‌ಗೆ ನಾಲ್ಕು ವ್ಯಾಟ್ ಕೂಡ ಬರುವುದಿಲ್ಲ. ಹಾಗಾಗಿ ಇಲ್ಲಿ ಓವರ್‌ಕ್ಲಾಕ್ ಅಂದರೆ ಮುಖ್ಯವಾಗಿ ವಿದ್ಯುತ್ ಮಿತಿ ಏರಿಸುವುದು, ಎಲ್ಲ ಕೋರ್ ಓಡುವಾಗ ಅದರ ಫಲ ಚೆನ್ನಾಗಿಯೇ ಕಾಣುತ್ತದೆ.

ಆ ಚಿಪ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಥ್ರೆಡ್‌ರಿಪ್ಪರ್ ಪ್ರೊ 7000 ಸಾಲಿನಲ್ಲಿ ಓವರ್‌ಕ್ಲಾಕಿಂಗ್ ಆನ್ ಮಾಡಿದ ಕೂಡಲೇ ಒಳಗಿನ ಒಂದು ಫ್ಯೂಸ್ ಸುಟ್ಟು ಗುರುತು ಉಳಿಯುತ್ತದೆ. ಅದನ್ನು ವಾಪಸ್ ಸರಿಮಾಡಲು ಆಗುವುದಿಲ್ಲ. ಅಷ್ಟರಿಂದಲೇ ವಾರಂಟಿ ಹೋಗುವುದಿಲ್ಲ, ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಮಾತ್ರ ವಾರಂಟಿ ಇಲ್ಲ ಅಂತ ಎಎಂಡಿ ಹೇಳಿದೆ. ಚಿಪ್ ನಿಮ್ಮದಾಗಿದ್ದರೆ ತೀರ್ಮಾನ ನಿಮ್ಮದು. ಆಫೀಸಿನದಾಗಿದ್ದರೆ, ಅಥವಾ ಎರಡು ವರ್ಷ ಬಿಟ್ಟು ಮಾರುವ ಯೋಚನೆ ಇದ್ದರೆ, ಬಯಾಸ್‌ನ ಆ ಪುಟದಲ್ಲಿ ಒಪ್ಪಿಗೆ ಒತ್ತುವ ಮೊದಲು ಯಂತ್ರದ ಮಾಲೀಕರನ್ನು ಕೇಳಿ.